ನಾಮನಿರ್ದೇಶಿತ ಸದಸ್ಯೆ

ಪಂಚಾಯತಿಯ ಪತ್ರ ಬಂದಾಗ ಪದ್ದು ಬ್ರಹ್ಮಾವರದ ಪೇಟೆಯಿಂದ ಆಗಷ್ಟೇ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಮೊಹರು ಬಿದ್ದ ಕಾಗದವನ್ನು ಒದ್ದೆ ಕೈಯಲ್ಲಿ ಮುಟ್ಟಲು ಅಂಜಿ ಸೊಸೆಯನ್ನು ಕರೆದಳು.

“ದಿವ್ಯಾ, ಓದ್ ಕಾಂಬ. ನಳ್ಳಿ ನೀರಿನ್ ವಿಷ್ಯವಾ?”

ದಿವ್ಯಾ ಓದಿದಳು, ಇನ್ನೊಮ್ಮೆ ಓದಿದಳು. “ಅಲ್ಲ ಅತ್ತೆ. ನಿಮ್ಮನ್ನ್ ಜೀವವೈವಿಧ್ಯ ಸಮಿತಿಗೆ ನಾಮನಿರ್ದೇಶಿತ ಸದಸ್ಯೆ ಮಾಡಿರ್. ಐದ್ ವರ್ಷಕ್ಕೆ.”

“ಹಂಗಂದ್ರೆ ಎಂತ?”

ಓಟಿಲ್ಲದೆ, ಯಾರೋ ಹೆಸರು ಹೇಳಿ ಕೂರಿಸುವುದು ಎಂದಳು ದಿವ್ಯಾ. ಪದ್ದುವಿಗೆ ಅಷ್ಟು ಸಾಕಾಗಲಿಲ್ಲ. ಯಾರು ಹೇಳಿದ್ದು? ಇಷ್ಟು ದೊಡ್ಡ ಊರಲ್ಲಿ ತನ್ನ ಹೆಸರೇ ಯಾಕೆ? ಚುನಾವಣೆಗೆ ನಿಂತವರು ಮನೆಮನೆಗೆ ಕೈಮುಗಿದುಕೊಂಡು ಬರುವುದನ್ನು ಅವಳು ಕಂಡಿದ್ದಳು. ಕೇಳದೆ ಮನೆಗೇ ಬಂದ ಹುದ್ದೆಯನ್ನು ಕಂಡಿರಲಿಲ್ಲ.

ಮರುದಿನ ವ್ಯಾಪಾರ ಮುಗಿಸಿ ನೇರ ಪಂಚಾಯತಿಗೆ ಹೋದಳು. ಅಭಿವೃದ್ಧಿ ಅಧಿಕಾರಿ ಕ್ಷಮಾ ಹಾಲಾಡಿಯ ಕಡೆಯವಳು, ಮುಚ್ಚುಮರೆ ಇಲ್ಲದ ಹುಡುಗಿ.

“ಸುಳ್ಳ್ ಹೇಳುದಿಲ್ಲೆ ಪದ್ದಕ್ಕ. ಹೆಂಗಸ್ರ ಹೆಸ್ರ್ ಒಂದ್ ಕಮ್ಮಿ ಇದ್ದಿತ್. ನಳ್ಳಿಲಿ ನೀರ್ ಬತ್ತಿಲ್ಲೆ ಅಂದೇಳಿ ನೀವ್ ಅವತ್ತೇ ಜೋರ್ ಮಾಡುಕೆ ಬಂದಿದ್ರಿ. ಎದ್ರಿಗೆ ಸಿಕ್ಕದ್ ಹೆಸ್ರ್ ಬರ್ದ್ರ್.”

ಪದ್ದುವಿಗೆ ನಗು ಬಂತು. ಎಲ್ಲೋ ಒಂದು ಕಡೆ ಚುಚ್ಚಿತು ಕೂಡ. “ಹೆಂಗಾರೂ ಹಾಕಿ ಆಯ್ತಲೆ. ಈಗ ನಾ ಎಂತ ಮಾಡ್ಕ್?”

“ಸೋಮವಾರ ಸಭೆ ಇತ್ತ್. ಪುಸ್ತಕಕ್ಕ್ ಒಂದ್ ಸಹಿ ಹಾಕಿರೆ ಸಾಕ್.”

ಆ ಪುಸ್ತಕದಲ್ಲಿ ಊರಿನ ಮರಗಿಡ, ಬೆಳೆ, ಹಕ್ಕಿ, ಮೀನುಗಳ ಪಟ್ಟಿ ಇತ್ತು. ಸೋಮವಾರ ಸಮಿತಿಯ ಅಧ್ಯಕ್ಷ ಶ್ರೀಕರ ಅದನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದರು. ಕೋಟದಲ್ಲಿ ಗದ್ದೆ ಮಾಡುವ ಶ್ರೀಕರರಿಗೆ ಅಂದು ನಾಟಿಯ ಗಡಿಬಿಡಿ. ಆರು ಮಂದಿ ಸಹಿ ಹಾಕಿದರು. ಪುಸ್ತಕ ಪದ್ದುವಿನ ಮುಂದೆ ಬಂತು.

“ಮೀನಿನ್ ಪುಟ ಒಂದ್ಸಲ ಓದಿ ಹೇಳ್ತ್ರಿಯಾ ಮೇಡಂ?” ಎಂದಳು.

ಕ್ಷಮಾ ಓದಿದಳು. ಕಾಟ್ಲಾ, ರೋಹು, ಇನ್ನೂ ಏನೇನೋ. ಪದ್ದು ಕಣ್ಣರಳಿಸಿದಳು. “ಇದ್ ಘಟ್ಟದ್ ಮೇಲಿನ್ ಕೆರೆ ಮೀನಲ್ದಾ! ಬೈಗೆ ಮೀನ್ ಎಲ್ಲಿ? ಕಾಣೆ ಮೀನ್ ಎಲ್ಲಿ? ನಮ್ ಹೊಳಿ ಮಳಿ ಎಲ್ಲಿ?” ಮಳಿ ಎಂದರೆ ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪುಮೀನು. ಅದನ್ನು ಹೆಕ್ಕಿಯೇ ಅವಳ ಅಮ್ಮ ಐದು ಮಕ್ಕಳನ್ನು ಸಾಕಿದ್ದಳು.

ಪಟ್ಟಿ ಬೇರೆ ಎಲ್ಲಿಂದಲೋ ನಕಲು ಮಾಡಿದ್ದೆಂದು ಎಲ್ಲರಿಗೂ ಅರ್ಥವಾಯಿತು. ಶ್ರೀಕರರಿಗೆ ಮುಜುಗರವಾಯಿತು. “ಪದ್ದು, ನಾವೆಲ್ಲ ನಾಮನಿರ್ದೇಶಿತರ್. ನಮ್ ಕೆಲ್ಸ ಸಹಿ ಹಾಕುದ್, ಅಷ್ಟೇ.”

“ಹೌದಾ? ಹಂಗಂದೇಳಿ ಎಲ್ಲಿ ಬರ್ದಿತ್?”

ಅವಳು ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕಿತ್ತು. ಕ್ಷಮಾ ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಹುಡುಕಿದಳು. ಊರಿನವರ ತಿಳಿವಳಿಕೆ ಕೇಳಿ ಪಟ್ಟಿ ಮಾಡುವುದೇ ಸಮಿತಿಯ ಕೆಲಸ ಎಂದಿತ್ತು. ಬರೀ ಸಹಿ ಹಾಕುವವರು ಎಂದು ಎಲ್ಲಿಯೂ ಇರಲಿಲ್ಲ.

“ಹಂಗಾರೆ ನಾ ಕೇಣ್ಕಂಡ್ ಬತ್ತೆ. ಒಂದ್ ತಿಂಗ್ಳ್ ಕೊಡಿ,” ಎಂದಳು ಪದ್ದು. ಶ್ರೀಕರ ಗಡಿಯಾರ ನೋಡಿ ತಲೆಯಾಡಿಸಿದರು.

ಪ್ರತಿದಿನ ಕಾಣುವ ಹೊಳೆಯನ್ನೇ ಆ ತಿಂಗಳು ಅವಳು ಬೇರೆ ಕಣ್ಣಿನಿಂದ ನೋಡಿದಳು. ತನಗೆ ಗೊತ್ತಿರುವುದು ಮಾರಲು ತಂದ ಮೀನು ಮಾತ್ರ ಎಂಬುದು ಆಗ ತಿಳಿಯಿತು. ಬಲೆಗೆ ಬಿದ್ದರೂ ಎಸೆಯುವವು ಎಷ್ಟೋ ಇದ್ದವು. ಹೊಳೆಗೆ ಬಲೆ ಬೀಸುವ ಮುದುಕ ಮುತ್ತ ದೋಣಿಯಲ್ಲಿ ಕೂತು ಒಂದೊಂದನ್ನೇ ಹೆಸರಿಸುತ್ತಿದ್ದ, ದಿವ್ಯಾ ಬರೆದುಕೊಳ್ಳುತ್ತಿದ್ದಳು. ನಡುವೆ ಒಂದು ಮೀನಿನ ಸುದ್ದಿ ಬಂದಾಗ ಅವನು ನಿಲ್ಲಿಸಿದ. “ಅದನ್ನ್ ಕಾಣ್ದೆ ಹತ್ತ್ ವರ್ಷ ಆಯ್ತ್. ಬರಿಯುದಾ, ಬ್ಯಾಡ್ದಾ?”

ಪದ್ದುವಿಗೂ ಗೊತ್ತಾಗಲಿಲ್ಲ. ಕ್ಷಮಾಗೆ ಫೋನು ಮಾಡಿಸಿದಳು. “ಈಗ ಇಪ್ಪುದ್ ಮಾತ್ರವಾ ಮೇಡಂ, ಮೊದ್ಲ್ ಇದ್ದದ್ದೂ ಬರೀಕಾ?”

ಆ ಕಡೆ ಕ್ಷಮಾ ಪುಟ ತಿರುವುವ ಸದ್ದು ಕೇಳಿಸಿತು. “ಎರಡೂ ಬರ್ಸಿ ಪದ್ದಕ್ಕ. ಬೇರೆ ಬೇರೆ ಸಾಲಲ್ಲಿ.”

ಮುಂದಿನ ಸಭೆಯಲ್ಲಿ ಹಳೆಯ ಪುಟದ ಜಾಗಕ್ಕೆ ನಲವತ್ತಮೂರು ಹೆಸರು ಬಂದವು. ಕ್ಷಮಾ ಎಲ್ಲವನ್ನೂ ಓದಿದ ಮೇಲೆ ಪದ್ದು ನಿಧಾನವಾಗಿ ತನ್ನ ಹೆಸರು ಬರೆದಳು. ಯಾರೂ ಅವಸರ ಮಾಡಲಿಲ್ಲ.

ಶ್ರೀಕರ ಮಾತ್ರ ಭತ್ತದ ಪುಟ ತಿರುವಿ ಹಾಗೇ ಕೂತಿದ್ದರು. ಅದರಲ್ಲಿದ್ದದ್ದು ಎರಡೇ ಹೆಸರು, ಎರಡೂ ಅಂಗಡಿಯ ಬೀಜ.

“ನಮ್ ಗದ್ದೆಲಿ ಮೊದ್ಲ್ ಕೆಂಪಕ್ಕಿದ್ ಒಂದ್ ಭತ್ತ ಇದ್ದಿತ್,” ಎಂದರು. “ಹೆಸ್ರೇ ಮರ್ತ್ ಹೋಯ್ತ್ ಕಾಣಿ.”

“ನಿಮ್ ಅಮ್ಮಂಗೆ ಗೊತ್ತಿರ್ಕ್,” ಎಂದಳು ಪದ್ದು.

ಶ್ರೀಕರ ಮೊಬೈಲು ಹಿಡಿದು ಜಗಲಿಗೆ ಹೋದರು. “ಅಮ್ಮಾ, ನಾನ್... ಎಂತ ಇಲ್ಲೆ, ಒಂದ್ ಭತ್ತದ್ ಹೆಸ್ರ್ ಕೇಂಬುಕೆ...” ಒಳಗೆ ಉಳಿದ ಆರೂ ಸದಸ್ಯರು ಬಾಗಿಲ ಕಡೆಗೆ ಕಿವಿಗೊಟ್ಟರು. ಕ್ಷಮಾ ಪೆನ್ನಿನ ಮುಚ್ಚಳ ತೆಗೆದಳು.