ಎರಡು ಸೂರುಗಳ ನಡುವಿನ ದೋಣಿ

ನಾನು ತಗಡಿನ ದೋಣಿ. ಹೊಳೆ ದಾಟಿಸುವ ದೋಣಿಯಲ್ಲ. ಎರಡು ಇಳಿಜಾರುಗಳು ಸೇರುವ ಕಡೆ ಮಳೆಯ ನೀರನ್ನು ಹಿಡಿದು ಹಿತ್ತಲಿಗೆ ಹರಿಸುವ, ಉದ್ದಕ್ಕೆ ಮಡಚಿದ ಒಂದು ತಗಡು. ನನಗೆ ಕೆಲಸ ಮಳೆಗಾಲದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಒಣ ಎಲೆ, ಬಿಸಿಲು, ಬೆಕ್ಕಿನ ಓಡಾಟ.

ಎಲ್ಲಿ ಹುಟ್ಟಿದೆನೋ ಸರಿಯಾಗಿ ಗೊತ್ತಿಲ್ಲ. ಬಿಸಿ ಉರುಳೆಗಳ ನಡುವೆ ಚಪ್ಪಟೆಯಾದದ್ದು, ಕರಗಿದ ಸತುವಿನಲ್ಲಿ ಮುಳುಗಿ ಎದ್ದದ್ದು ನೆನಪಿದೆ. ಆಮೇಲೆ ಲಾರಿಯಲ್ಲಿ ಮಲಗಿ ಧಾರವಾಡದ ಪೇಟೆಗೆ ಬಂದೆ. ಅಲ್ಲಿಯವರೆಗೆ ನಾನು ಬರಿಯ ಹಾಳೆ. ತಗಡಿನ ಕೆಲಸದ ದಸ್ತಗೀರ ನನ್ನನ್ನು ನೆಲಕ್ಕೆ ಹಾಸಿ, ಮೊಣಕಾಲಿನಿಂದ ಒತ್ತಿ, ಕಟ್ಟಿಗೆಯ ಕೊಡತಿಯಿಂದ ಬಡಿದು ದೋಣಿ ಮಾಡಿದ. ನೋವಾಯಿತು. ಆದರೆ ಆಕಾರ ಬಂದದ್ದು ಆಗಲೇ.

ಅದೇ ಊರಿನ ಮಾಳಮಡ್ಡಿಯಲ್ಲಿ ಒಂದೇ ಅಂಗಳಕ್ಕೆ ಎದುರುಬದುರಾಗಿ ನಿಂತ ಎರಡು ಹಂಚಿನ ಮನೆಗಳಿದ್ದವು. ಒಂದರಲ್ಲಿ ಅಣ್ಣ ಬಿಂದಣ್ಣ, ಅವನ ಹೆಂಡತಿ ಪದ್ಮಾ, ಕಾಲೇಜಿಗೆ ಹೋಗುವ ಮಗಳು. ಇನ್ನೊಂದರಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ತಮ್ಮ ಪ್ರಲ್ಹಾದ ಮತ್ತು ಅವನು ಹೊಸದಾಗಿ ಮದುವೆಯಾಗಿ ತಂದ ವಾರುಣಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಟ್ಟೆ ಒಣಗುತ್ತಿರಲಿಲ್ಲ. ಅಂಗಳ ಪಾಚಿಗಟ್ಟುತ್ತಿತ್ತು. ಎರಡೂ ಸೂರುಗಳಿಂದ ಪತ್ರಾಸು, ಅಂದರೆ ತಗಡಿನ ಹಾಳೆ, ಇಳಿಸಿ ನಡುವೆ ಕೂಡಿಸೋಣ ಎಂದು ಪ್ರಲ್ಹಾದ ಹೊರಟ. ಕೂಡುವ ಜಾಗದಲ್ಲಿ ನಾನು ಬೇಕಾದೆ.

ನನ್ನನ್ನು ಮೇಲೇರಿಸಿದ ದಿನ ಪ್ರಲ್ಹಾದ ಕೆಳಗೆ ಏಣಿ ಹಿಡಿದು ನಿಂತಿದ್ದ. ಅವನ ನೆತ್ತಿಯಲ್ಲಿ ಎರಡು ಸುಳಿ.

"ನೋಡವಾ ವಾರುಣಿ, ಎರಡು ಸುಳಿ ಅದಾವ. ಎರಡು ಲಗ್ನ ಆಗ್ತಾನ ಇವಾ," ಎಂದಳು ಪದ್ಮಾ.

"ಆಗಲಿ ಬಿಡ್ರಿ ಅಕ್ಕ. ಮೊದಲು ಈ ಹೆಂಡತಿಗೆ ಅರಿವಿ ಒಣಹಾಕಲಿಕ್ಕೆ ಜಾಗಾ ಮಾಡಿಕೊಡ್ಲಿ."

ಮೇಲಿನಿಂದ ದಸ್ತಗೀರ ಕೂಗಿದ: "ಸಾಹೇಬ್ರ, ಲಗ್ನದ ಮಾತು ಆಮ್ಯಾಗ ಆಡ್ರಿ. ಏಣಿ ಅಳ್ಳಾಡಾಕತ್ತೈತಿ!"

ಬೇರೆ ವಸ್ತುಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವೆಯಂತೆ. ನಾನು ಮೇಲಿನಿಂದ ನೋಡಿದೆ. ಮುಖಗಳು ಕಂಡದ್ದು ಕಡಿಮೆ. ಬಿಂದಣ್ಣನ ಬೋಳು ನೆತ್ತಿ, ಪದ್ಮಾಳ ನರೆಗೂದಲು, ವಾರುಣಿಯ ಬೈತಲೆಯ ಕುಂಕುಮ. ಅವರು ತಲೆ ಎತ್ತಿ ನನ್ನನ್ನು ನೋಡುತ್ತಿದ್ದದ್ದು ಎಲ್ಲಿಯಾದರೂ ಸೋರಿದಾಗ.

ಪತ್ರಾಸು ಹಾಕಿದ ಸಂಜೆ ಎಲ್ಲರೂ ಕೆಳಗೆ ಚಾಪೆ ಹಾಸಿ ಚುರುಮುರಿ ತಿಂದರು. ಇನ್ನು ಇದನ್ನು ಅಂಗಳ ಎನ್ನಲು ಬರುವುದಿಲ್ಲ, ಏನನ್ನೋಣ ಎಂಬ ಮಾತು ಬಂತು. "ನಡುಮನಿ," ಎಂದಳು ವಾರುಣಿ. ಆ ಹೆಸರು ನಿಂತಿತು. "ನಡುಮನ್ಯಾಗ ಕುಕ್ಕರ್ ಅದ, ತಗೊಂಡು ಬಾ." "ನಡುಮನ್ಯಾಗ ಯಾರು ಚಪ್ಪಲಿ ಬಿಟ್ಟಾರ?" ಯಾರ ಕುಕ್ಕರ್ ಯಾವ ಅಡುಗೆಮನೆಯದು ಎಂಬುದು ಕ್ರಮೇಣ ಮರೆತುಹೋಯಿತು. ಮಳೆ ಬಂದಾಗ ನನ್ನ ಸದ್ದಿಗೆ ಅವರು ದನಿ ಎತ್ತರಿಸಿ ಮಾತಾಡುತ್ತಿದ್ದರು. ಕೆಲವು ಮಳೆಗಾಲಗಳು ಹೀಗೆ ಹೋದವು.

ಒಂದು ಶ್ರಾವಣದ ಮಧ್ಯಾಹ್ನ ಪ್ರಲ್ಹಾದ ಕಾಲೇಜಿನಲ್ಲಿ ಪಾಠ ಮುಗಿಸಿ ಬೇಗ ಬಂದ. ಎದೆ ಉಜ್ಜಿಕೊಳ್ಳುತ್ತ ನನ್ನ ಕೆಳಗೆ ಹಾದು ತನ್ನ ಕೋಣೆಗೆ ಹೋಗಿ ಮಲಗಿದ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ಅವನನ್ನು ನಡುಮನೆಗೆ ತಂದು ಮಲಗಿಸಿದರು. ಅವನ ಮುಖವನ್ನು ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ವಾರುಣಿ ಅಳಲಿಲ್ಲ. ಬಂದವರೆಲ್ಲ ಅದನ್ನೇ ಮಾತಾಡಿಕೊಂಡರು.

ಸಂಸ್ಕಾರ ಮುಗಿಸಿ ಬಂದ ಮೇಲೆ ಮನೆತನದ ಆಚಾರ್ಯರು ಪಂಚಾಂಗ ತೆಗೆದರು. ಜೀವ ಹೋದ ನಕ್ಷತ್ರ ಒಳ್ಳೆಯದಲ್ಲ. ಆ ನಕ್ಷತ್ರದಲ್ಲಿ ಸಾವಾದ ಮನೆಗೆ ಆರು ತಿಂಗಳು ಬೀಗ ಹಾಕಬೇಕು.

"ತಮ್ಮನ ಮನಿಗೆ ಕೀಲಿ ಹಾಕ್ರಿ. ನಿಮ್ಮ ಮನಿಗೇನೂ ದೋಷ ಇಲ್ಲ ಬಿಂದಣ್ಣಾ," ಎಂದರು. ಹಾಗೆನ್ನುತ್ತ ತಲೆ ಎತ್ತಿದರು. ನಾನು ಕಂಡೆ. "ಇದೇನಿದು? ಸೂರಿಗೆ ಸೂರು ಕೂಡಿಸೀರೇನು?"

"ಅಂಗಳಕ್ಕ ಪತ್ರಾಸ ಹಾಕಿಸೇವ್ರಿ, ಅಷ್ಟ," ಎಂದ ಬಿಂದಣ್ಣ.

"ಮನಿಮಂದಿ ಏನಂತೀರಿ ಈ ಜಾಗಕ್ಕ?"

ಬಿಂದಣ್ಣ ಪದ್ಮಾಳ ಕಡೆ ನೋಡಿದ. ಗೋಡೆಗೆ ಒರಗಿ ಕೂತಿದ್ದ ವಾರುಣಿಯನ್ನು ಯಾರೂ ಕೇಳಿರಲಿಲ್ಲ. ಆದರೂ ರೂಢಿಯಂತೆ ಅವಳ ಬಾಯಿಂದ ಬಂತು.

"ನಡುಮನಿ."

"ನಡುಮನಿ ಅಂದಮ್ಯಾಲೆ ಮನಿ ಒಂದ ಆತಲ್ಲ," ಎಂದರು ಆಚಾರ್ಯರು. "ಹಂಗಿದ್ರ ಎರಡೂ ಕಡೆ ಬಾಗಲಾ ಮುಚ್ಚಬೇಕಾಗ್ತದ."

"ಬಾಯಿ ತಪ್ಪಿ ಅಂದಾಳ್ರಿ," ಪದ್ಮಾ ಮುಂದೆ ಬಂದಳು. "ಅಂಗಳನ ಅದು."

ಆಡಿದ ಮಾತು ಆಡಿಯಾಗಿತ್ತು. ಆಚಾರ್ಯರು ಕೆಟ್ಟವರಲ್ಲ. ಅವರೇ ದಾರಿ ಹೇಳಿದರು. ಸೂರು ತೆಗೆಯಿರಿ. ಅಂಗಳದ ಮೇಲೆ ಆಕಾಶ ಕಾಣಲಿ. ಆಗ ಎರಡು ಮನೆಗಳಾಗುತ್ತವೆ, ಒಂದಕ್ಕೆ ಬೀಗ ಹಾಕಿದರೆ ಸಾಕು.

ಅವರು ಹೋದ ಮೇಲೆ ವಾರುಣಿ ಎದ್ದು ಬಿಂದಣ್ಣನ ಮುಂದೆ ನಿಂತಳು. ಆ ದಿನಗಳಲ್ಲಿ ಅವಳಾಗಿ ಆಡಿದ್ದು ಅದೊಂದೇ ಮಾತು.

"ನಾ ಬಾಗಲಕೋಟಿಗೆ ನಮ್ಮಣ್ಣನ ಕಡೆ ಹೋಗ್ತೀನ್ರಿ ಭಾವ. ಆ ಮನಿಗೆ ಕೀಲಿ ಹಾಕ್ರಿ. ಸೂರು ಮಾತ್ರ ತಗೀಬ್ಯಾಡ್ರಿ."

"ನನಗೇನು ತಗೀಬೇಕಂತ ಆಸೇನವಾ? ಮಗಳ ಪರೀಕ್ಷಾ ಅದ. ಮನಿ ಬಿಟ್ಟು ಅಕಿನ್ನ ಕರಕೊಂಡು ಎಲ್ಲೆ ಹೋಗ್ಲಿ? ಅಕಿಗೇನರೆ ಹೆಚ್ಚುಕಡಿಮಿ ಆದ್ರ?" ತಮ್ಮನನ್ನು ಕಳೆದುಕೊಂಡವನು ಅವನೂ ಹೌದು.

ಮರಳಿ ಬಂದಾಗ ಈ ಮನೆಯವಳಾಗಿಯೇ ಬರಬೇಕು, ಎದುರು ಮನೆಯವಳಾಗಬಾರದು ಎಂಬುದಷ್ಟೇ ವಾರುಣಿಗೆ ಬೇಕಾಗಿತ್ತು. ಬಿಡಿಸಿ ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಬಿಂದಣ್ಣ ಅದನ್ನು ಕೇಳಲೂ ಇಲ್ಲ.

ದಸ್ತಗೀರನನ್ನೇ ಕರೆಸಿದರು. ಅವನು ನಕ್ಕು ಮಾತಾಡಲಿಲ್ಲ. "ನಾ ಹಾಕಿದ್ದನ್ನ ನಾನ ಕೀಳಾಕ ಬಂದಂಗಾತು," ಎಂದಷ್ಟೇ ಹೇಳಿ ಮೊಳೆ ಕೀಳತೊಡಗಿದ. ವಾರುಣಿ ತನ್ನ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದಳು. ಒಂದೊಂದೇ ಪತ್ರಾಸು ಇಳಿದಂತೆ ಬೆಳಕು ಅವಳ ಕಾಲಿನಿಂದ ಮೇಲೇರಿ ಮುಖಕ್ಕೆ ಬಂತು. ಅವಳು ಕಣ್ಣು ಕಿರಿದು ಮಾಡಲಿಲ್ಲ, ಸರಿಯಲೂ ಇಲ್ಲ. ಸಂಜೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬೀಗ ಬಿತ್ತು.

ಪತ್ರಾಸುಗಳನ್ನು ಬಿಂದಣ್ಣ ದನದ ಕೊಟ್ಟಿಗೆ ಕಟ್ಟುತ್ತಿದ್ದ ಯಾರಿಗೋ ಕೊಟ್ಟ. ಮಡಚಿದ ನನ್ನನ್ನು ಯಾರೂ ಕೇಳಲಿಲ್ಲ. ಪದ್ಮಾ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಬಚ್ಚಲ ಒಲೆಯ ಕಟ್ಟಿಗೆ ನೆನೆಯದಂತೆ ಮೇಲೆ ಕವುಚಿದಳು.

ಮಾಘದಲ್ಲಿ ವಾರುಣಿ ಮರಳಿದಳು. ಶಾಂತಿ ಮಾಡಿಸಿ ಬೀಗ ತೆಗೆದರು. ಪದ್ಮಾ ಅವಳನ್ನು ತಬ್ಬಿಕೊಂಡು ಅತ್ತಳು. ವಾರುಣಿ ಅವಳ ಬೆನ್ನು ಸವರಿದಳು, ಸಮಾಧಾನ ಮಾಡಬೇಕಾದವಳು ತಾನು ಎಂಬಂತೆ. ಊಟಕ್ಕೆ ನಮ್ಮಲ್ಲೇ ಬಾ ಎಂದು ಪದ್ಮಾ ಕರೆದಳು. ಅವಳು ಕೆಲವು ದಿನ ಬಂದಳು. ಆಮೇಲೆ ಒಂದು ಸಣ್ಣ ಕುಕ್ಕರ್ ಕೊಂಡಳು.

ವೈಶಾಖದಲ್ಲಿ, ಮುಂಗಾರಿಗೆ ಮುಂಚೆ, ಮೊದಲ ಅಡ್ಡಮಳೆ ಬಿತ್ತು. ಅಂಗಳದಲ್ಲಿ ನೀರು ನಿಂತಿತು. ಮರುದಿನ ಬಿಂದಣ್ಣ ದಸ್ತಗೀರನನ್ನು ಕರೆತಂದ. ದಸ್ತಗೀರ ಕಟ್ಟಿಗೆಯ ಮೇಲಿಂದ ನನ್ನನ್ನು ಎತ್ತಿ, ತಿರುವಿ, ಬೆರಳಿನಿಂದ ಬಡಿದು ನೋಡಿದ.

"ದೋಣಿ ಗಟ್ಟಿ ಐತ್ರಿ. ಪತ್ರಾಸ ಅಷ್ಟ ಹೊಸಾವು ತರಸ್ರಿ. ಎರಡು ದಿನದ ಕೆಲಸ."

ನನ್ನನ್ನು ಹೊತ್ತು ಅಂಗಳಕ್ಕೆ ತಂದರು. ಪದ್ಮಾ ಓಡಿ ಹೋಗಿ ವಾರುಣಿಯನ್ನು ಕರೆದಳು. "ಬಾ ಇಲ್ಲೆ, ನಿಮ್ಮ ಭಾವ ಮತ್ತ ಸೂರು ಹಾಕಸ್ತಾರಂತ!"

ವಾರುಣಿ ಬಂದಳು. ನೆಲದ ಮೇಲಿದ್ದ ನನಗೆ ಮೊದಲ ಸಲ ಅವಳ ಮುಖ ಕೆಳಗಿನಿಂದ ಕಂಡಿತು. ಅವಳು ನನ್ನನ್ನು ನೋಡಿದಳು. ಆಮೇಲೆ ಬಿಂದಣ್ಣನನ್ನು ನೋಡಿದಳು.

"ಮತ್ತ ಯಾರರೆ ಹೋದ್ರ, ಮತ್ತ ತಗೀತೀರೇನ್ರಿ ಭಾವ?"

ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕಾಗಿತ್ತು, ಕೇಳಿದಳು. ಇಲ್ಲ ಎಂಬ ಒಂದು ಮಾತು ಬಂದಿದ್ದರೆ ಸಾಕಾಗಿತ್ತು. ಬಿಂದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಮಗಳು ಏನೋ ಕೇಳಿದಳು, ಅವನ ಕಣ್ಣು ಆ ಕಡೆ ಹೋಯಿತು. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

"ಬ್ಯಾಡ ಬಿಡ್ರಿ," ಎಂದಳು ವಾರುಣಿ. "ಹಿಂಗ ಇರಲಿ." ದಸ್ತಗೀರನಿಗೆ ಚಹಾ ಮಾಡಿ ತಂದುಕೊಟ್ಟಳು.

ನನ್ನನ್ನು ಮತ್ತೆ ಹಿತ್ತಲಿಗೆ ಒಯ್ದರು. ಈಗ ಮುದಿತನ. ಬಚ್ಚಲಿಗೆ ಗೀಜರ್ ಬಂದು ಕಟ್ಟಿಗೆಯೂ ಇಲ್ಲ. ನೆಲ ತಾಗಿದ ಕಡೆ ತುಕ್ಕು ಹತ್ತಿದೆ. ಒಮ್ಮೊಮ್ಮೆ ಯೋಚಿಸುತ್ತೇನೆ: ಅವರಲ್ಲಿ ಯಾರೂ ಕೆಟ್ಟವರಿರಲಿಲ್ಲ. ಒಬ್ಬರಿಗೆ ಹೆದರಿಕೆ ಇತ್ತು, ಒಬ್ಬರಿಗೆ ಪ್ರೀತಿ ಇತ್ತು, ಎರಡೂ ಸುಳ್ಳಾಗಿರಲಿಲ್ಲ. ತಗಡಿಗೆ ಇದಕ್ಕಿಂತ ಹೆಚ್ಚು ತಿಳಿಯುವುದಿಲ್ಲ.

ನಾನು ಬಿದ್ದಿರುವಲ್ಲಿಂದ ಅಂಗಳದ ಒಂದು ತುಂಡು ಕಾಣುತ್ತದೆ. ಸಂಜೆ ಪದ್ಮಾ ಸಾರಿನ ಪಾತ್ರೆ ಹಿಡಿದು, ಸೆರಗು ತಲೆಯ ಮೇಲೆ ಹಾಕಿಕೊಂಡು, ಹನಿಯುವ ಮಳೆಯಲ್ಲೇ ವಾರುಣಿಯ ಬಾಗಿಲಿಗೆ ಹೋಗುತ್ತಾಳೆ. ಮಳೆ ಜೋರಾದ ದಿನ ಹೋಗುವುದಿಲ್ಲ.