ಎರಡನೇ ತಪ್ಪಿನ ಖಾನೆ

ಅಪರಾಧಶಾಸ್ತ್ರ ಓದುವವರ ಆರೋಗ್ಯ ಕೆಡುತ್ತದೆ ಎನ್ನುವುದು ನಮ್ಮ ವಿಶ್ವವಿದ್ಯಾಲಯಕ್ಕೂ ಗೊತ್ತು. ಅದಕ್ಕೇ ಒಂದು ಫಾರಂ ಮಾಡಿಟ್ಟಿದ್ದಾರೆ. ಎಷ್ಟು ತಾಸು ಮಲಗಿದೆ, ಎಷ್ಟು ನೀರು ಕುಡಿದೆ, ಎಷ್ಟು ನಡೆದೆ, ಓದಿದ ಕೊಲೆಗಳ ಬಗ್ಗೆ ಯಾರ ಹತ್ತಿರ ಮಾತಾಡಿದೆ ಎಂದೆಲ್ಲ ತುಂಬಿ ಪ್ರತಿ ಶುಕ್ರವಾರ ಬ್ರಿಸ್ಬೇನಿಗೆ ಕಳಿಸಬೇಕು. ಮೊದಲ ವರ್ಷ ಕೋರ್ಟಿನ ಕಡತಗಳನ್ನು ಓದಿ ಓದಿ ನಾನು ಮಲಗುವ ಮುಂಚೆ ಏಳು ಸಲ ಬಾಗಿಲ ಚಿಲಕ ನೋಡುತ್ತಿದ್ದೆ. ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಗಡಿಯ ಮೇಲಿದೆ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಮ್ಮನಿಗಿತ್ತು ಎಂದೆ. ಈಗ ಹೇಗಿದ್ದಾರೆ ಎಂದರು. ಐವತ್ತೊಂದಕ್ಕೇ ಹೋದಳು ಎಂದೆ. ದಿನಾ ಮೂವತ್ತು ನಿಮಿಷ, ನಡುವೆ ಎಲ್ಲೂ ನಿಲ್ಲದೆ ನಡೆಯಬೇಕು ಎಂದು ಬರೆದುಕೊಟ್ಟರು.

ಸವಾಯಿ ದ್ವೀಪದ ನಮ್ಮೂರಿಗೆ ಬಂದ ಮೇಲೆ ಚಿಲಕದ ಚಟ ತಾನಾಗಿ ಬಿಟ್ಟುಹೋಯಿತು. ಕಂಬಗಳ ಮೇಲೆ ಸೂರು ಹೊದಿಸಿದ ನಮ್ಮ ಮನೆಗೆ ಗೋಡೆಯಿಲ್ಲ.

ನಾನು ಬಂದದ್ದು ಪ್ರಬಂಧ ಬರೆಯಲು. ನಮ್ಮಲ್ಲಿ ಸಣ್ಣಪುಟ್ಟ ತಪ್ಪಿಗೆ ಪೊಲೀಸರವರೆಗೆ ಯಾರೂ ಹೋಗುವುದಿಲ್ಲ. ಊರ ಸಭೆ ಸೇರಿ ದಂಡ ಹಾಕುತ್ತದೆ: ಇಷ್ಟು ಮೀನಿನ ಡಬ್ಬಿ, ಇಲ್ಲವೇ ಒಂದು ಹಂದಿ. ನನ್ನ ಅಪ್ಪ ಆ ಸಭೆಯ ಮಾತುಗಾರ. ಮಾತಾಡಲು ನಿಂತರೆ ಒಂದು ತಾಸು ಕೂರುವವನಲ್ಲ. ಇಪ್ಪತ್ತೊಂದು ವರ್ಷದಿಂದ ದಂಡದ ಪುಸ್ತಕ ಬರೆಯುವವನೂ ಅವನೇ. ಹೆಸರು ಬೇಡ, ನಂಬರು ಸಾಕು ಎಂದು ವಿಶ್ವವಿದ್ಯಾಲಯ ತಾಕೀತು ಮಾಡಿತ್ತು. ಹಾಗಾಗಿ ಅಪ್ಪ ಪುಸ್ತಕವನ್ನು ಎದೆಗೆ ಆನಿಸಿಕೊಂಡು ಓದಿದ, ನಾನು ಟೈಪು ಮಾಡಿದೆ. ಒಂದನೇ ನಂಬರು, ಪಕ್ಕದ ಮನೆಯ ಕೋಳಿ ಕದ್ದದ್ದು. ಎರಡನೇ ನಂಬರು, ಭಾನುವಾರ ಕುಡಿದು ಹಾಡಿದ್ದು. ಹೀಗೆ ಇನ್ನೂರ ಹದಿನಾಲ್ಕು. ಪುಟದ ಬಲಗಡೆ ‘ಎರಡನೇ ಸಲ’ ಎಂದು ಒಂದು ಖಾನೆ. ಇಪ್ಪತ್ತೊಂದು ವರ್ಷದಲ್ಲಿ ಅದರೊಳಗೆ ಶಾಯಿ ಬಿದ್ದಿರಲಿಲ್ಲ.

ನನ್ನ ಗೈಡ್ ಡಾಕ್ಟರ್ ರೋರ್ಕ್ ಫೋನಿನ ಪರದೆಯ ತೀರಾ ಹತ್ತಿರ ಬಂದರು.

"ಒಬ್ರೂ ಇಲ್ವಾ? ಒಂದ್ಸಲ ಶಿಕ್ಷೆ ಆದವರು ಮತ್ತೆ ತಪ್ಪೇ ಮಾಡಿಲ್ವಾ?"

"ಇಲ್ಲ."

"ಸಲಫಾಯಿ, ಸೊನ್ನೆ ಅನ್ನೋದು ಪ್ರಪಂಚದಲ್ಲಿ ಎಲ್ಲೂ ಇಲ್ಲ."

"ನಮ್ಮೂರಲ್ಲಿದೆ," ಎಂದೆ. ಹೇಳುವಾಗ ಕತ್ತು ಸ್ವಲ್ಪ ಉದ್ದವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ಸೊನ್ನೆಯ ಮೇಲೆ ನನ್ನ ಡಿಗ್ರಿ ನಿಂತಿತ್ತು. ಒಪ್ಪಿಸಲು ಒಂಬತ್ತು ವಾರ ಬಾಕಿ ಇತ್ತು.

ಇನ್ನು ನಡಿಗೆಯ ಸಂಗತಿ. ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ತಲೆ ಸುಡುವ ಬಿಸಿಲು. ನಡೆಯಲು ಸಂಜೆಯೊಂದೇ ಉಳಿಯುತ್ತಿತ್ತು. ಆದರೆ ಸಂಜೆ ಶಂಖ ಊದಿದರೆ ‘ಸಾ’. ಆಗ ಮನೆಯಲ್ಲಿದ್ದವರು ಪ್ರಾರ್ಥನೆಗೆ ಕೂರಬೇಕು, ದಾರಿಯಲ್ಲಿದ್ದವರು ಮತ್ತೆ ಶಂಖ ಕೇಳುವ ತನಕ ಇದ್ದಲ್ಲೇ ಕೂರಬೇಕು. ಶಂಖಕ್ಕೆ ಗಡಿಯಾರದ ಹಂಗಿಲ್ಲ. ಊದುವವನು, ಊದಿ ಕೋಲು ಹಿಡಿದು ದಾರಿ ಕಾಯುವವನು ನನ್ನ ಚಿಕ್ಕಪ್ಪನ ಮಗ ಇಯೋಲು. ನಲವತ್ತು ದಾಟಿದ ಮನುಷ್ಯ. ಅವನ ಸ್ನಾನ ಯಾವಾಗ ಮುಗಿಯುತ್ತದೋ ಆಗ ಊರಿನಲ್ಲಿ ದೇವರ ಹೊತ್ತು.

ಅದೊಂದು ಮಂಗಳವಾರ ಅವನ ಸ್ನಾನ ಬೇಗ ಮುಗಿಯಿತು. ನಾನು ತೊರೆಯ ಹತ್ತಿರವಿದ್ದೆ. ಹತ್ತೊಂಬತ್ತು ನಿಮಿಷ ಆಗಿತ್ತು. ಕೂತರೆ ಮೊದಲಿನಿಂದ ಶುರು ಮಾಡಬೇಕು, ಡಾಕ್ಟರು ಎಲ್ಲೂ ನಿಲ್ಲದೆ ಅಂದಿದ್ದಾರೆ. ನಾನು ನಡೆದೆ. ಇಯೋಲು ಕಿವಿಯಲ್ಲಿ ಹೂ ಸಿಕ್ಕಿಸಿಕೊಂಡು, ಕೋಲು ಹಿಡಿದು ರಸ್ತೆ ನಡುವೆ ನಿಂತಿದ್ದ.

"ಕೂತ್ಕೋ ತಂಗಿ."

"ಇನ್ನು ಹನ್ನೊಂದು ನಿಮಿಷ ಇದೆ ಅಣ್ಣ."

"ದೇವರಿಗಾ?"

"ನಂಗೆ."

ಮರುದಿನ ಸಭೆ ಹತ್ತು ಡಬ್ಬಿ ಮೀನು ಹಾಕಿತು. ಅಪ್ಪ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಬರೆದುಕೊಂಡ. ಇನ್ನೂರ ಹದಿನೈದನೇ ನಂಬರು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಊರು ನಕ್ಕಿತು. ನಗಲಿ. ಒಂದು ಸಲ ತಪ್ಪಿದವರು ನಮ್ಮೂರಿನಲ್ಲಿ ಇನ್ನೂರು ಜನ ಇದ್ದರು, ಸೊನ್ನೆಗೆ ಅದರಿಂದ ಕೇಡಿರಲಿಲ್ಲ.

ಒಂಬತ್ತು ದಿನದ ಮೇಲೆ ಮತ್ತೆ ಸಿಕ್ಕಿಬಿದ್ದೆ. ಅದೇ ತೊರೆ, ಅದೇ ಇಯೋಲು. ಈ ಸಲ ಅವನಿಗೇ ಮುಜುಗರ.

"ಅಲ್ವೇ, ನೀನು ಓದ್ತಿರೋದು ಕಳ್ಳರ ಬಗ್ಗೆ ತಾನೇ? ಪ್ರಾಕ್ಟಿಕಲ್ಲೂ ಇದ್ಯಾ?"

"ಪುಸ್ತಕದಲ್ಲಿ ಬರಿಸು ಅಣ್ಣ."

"ನಾನೇನೂ ನೋಡಿಲ್ಲ. ಕಣ್ಣಿಗೆ ಸೋಪು ಹೋಗಿತ್ತು."

"ನೋಡಿದೀಯ. ಬರಿಸು," ಎಂದು ನಾನು ಗದರಿದೆ. ಅಪರಾಧಿ ಪೊಲೀಸನನ್ನು ಗದರುವುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಜಗತ್ತಿಗೆಲ್ಲ ತೋರಿಸಲು ಹೊರಟಿದ್ದ ಸೊನ್ನೆಯನ್ನು ನಾನೇ ಒಂದು ಮಾಡಿದ್ದೆ. ಬರೆಸದೆ ಬಿಡಬಹುದಿತ್ತು. ಹಾಗೆ ಬಿಟ್ಟು ಡಿಗ್ರಿ ತೆಗೆದುಕೊಂಡರೆ ನಾನು ಎಂಥ ಅಪರಾಧಶಾಸ್ತ್ರಜ್ಞೆ? ಭಾನುವಾರದವರೆಗೆ ತಡೆದೆ. ಚರ್ಚಿನಿಂದ ಬಂದು, ಕೆಸುವಿನ ಗಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು ಉಂಡು ಎಲ್ಲರೂ ಚಾಪೆಯ ಮೇಲೆ ಅಡ್ಡಾದಾಗ ಪುಸ್ತಕವನ್ನು ಅಪ್ಪನ ಮುಂದೆ ಇಟ್ಟೆ.

"ಎರಡನೇ ಸಲದ ಖಾನೇಲಿ ನನ್ನ ನಂಬರು ಬರಿ ಅಪ್ಪ."

"ಯಾಕೆ?"

"ಇಯೋಲು ಅಣ್ಣ ಹೇಳಿಲ್ವಾ?"

"ಹೇಳ್ದ."

"ಮತ್ತೆ ಬರಿ. ಮಗಳು ಅಂತ ಬಿಟ್ರೆ ಅದು ಸುಳ್ಳು ಲೆಕ್ಕ ಆಗುತ್ತೆ."

ಅಪ್ಪ ಬೀಸಣಿಗೆ ಕೆಳಗಿಟ್ಟ. "ಮಗಳು ಅಂತಲ್ಲ ಕಣೇ. ಆ ಖಾನೇಲಿ ನಾನು ಯಾರ್ದೂ ಬರ್ದಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ... ಎರಡನೇ ಸಲ ತಪ್ಪು ಮಾಡಿದವರು ಇದಾರೆ?"

"ಇಲ್ದೆ ಏನು? ನಮ್ಮೂರಲ್ಲಿರೋರು ಮನುಷ್ಯರಲ್ವಾ? ಕೋಳಿ ಕದ್ದೋನು ಐದು ಸಲ ಕದ್ದಿದಾನೆ. ಸಭೇಲಿ ಬೈತೀವಿ, ದಂಡ ತಗೋತೀವಿ, ಮಾಡ್ಕೊಂಡು ತಿಂತೀವಿ. ಬರಿಯಲ್ಲ. ಒಂದ್ಸಲ ಬರದ್ರೆ ಅದು ಅವನು ಮಾಡಿದ ತಪ್ಪು. ಎರಡ್ನೇ ಸಲ ಬರದ್ರೆ ಅದೇ ಅವನ ಹೆಸರಾಗಿಬಿಡುತ್ತೆ. ಆ ಕೋಳಿಯವನು ಈಗ ಚರ್ಚಲ್ಲಿ ಕಾಣಿಕೆ ತಟ್ಟೆ ಹಿಡೀತಾನೆ."

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಪುಸ್ತಕದಲ್ಲಿ ಇರೋದು ಓದು ಅಂದೆ ನೀನು. ಓದ್ದೆ."

ಎರಡು ವರ್ಷದ ಓದು, ನೂರ ನಲವತ್ತು ಪುಟ, ಎಲ್ಲ ಈ ಮನುಷ್ಯನ ದಾಕ್ಷಿಣ್ಯದ ಮೇಲೆ ಕಟ್ಟಿದ ಮನೆ. ಕೂಗಾಡಿದೆ. ಕೂಗಿ ಸುಸ್ತಾದ ಮೇಲೆ, ಇನ್ನೇನು ಉಳಿದಿದೆ ನೋಡೋಣ ಎಂದು ನಾನು ಟೈಪು ಮಾಡಿದ್ದ ನಂಬರುಗಳ ಪಟ್ಟಿಯಲ್ಲಿ ನನ್ನ ಥರದ ತಪ್ಪನ್ನೇ ಹುಡುಕಿದೆ.

"ಸಾ ಹೊತ್ತಲ್ಲಿ ನಡೆದದ್ದು ನಾನೊಬ್ಳೇ ಅಲ್ಲ. ನೂರ ಹನ್ನೆರಡನೇ ನಂಬರೂ ನಡೆದದ್ದೇ, ಎಂಟು ವರ್ಷದ ಹಿಂದೆ. ಅವರ ಎರಡನೇದೂ ಬರೀಲಿಲ್ಲ ಅಲ್ವಾ?"

"ಎರಡನೇದು ಇರ್ಲಿಲ್ಲ."

"ನಿಜವಾಗ್ಲೂ?"

"ಅದೊಂದೇ ನಿಜ. ಒಂದೇ ಸಲಕ್ಕೆ ತಿದ್ಕೊಂಡ್ಲು."

"ಹಾಗಾದ್ರೆ ಒಬ್ರಾದ್ರೂ ಸಿಕ್ಕಿದ್ರಲ್ಲ. ಯಾರದು?"

ಅಪ್ಪ ಪುಸ್ತಕವನ್ನು ಮುಚ್ಚಿದ. ಅದರ ರಟ್ಟನ್ನು ಅಂಗೈಯಿಂದ ಒರೆಸಿದ.

"ನರ್ಸು ಸಕ್ಕರೆಗೆ ದಿನಾ ನಡೀಬೇಕು ಅಂದಿದ್ಲಂತೆ. ನಂಗೆ ಹೇಳಿರ್ಲಿಲ್ಲ. ಬರಿಯೋನ ಹೆಂಡ್ತಿ ಅಂತ ಬಿಟ್ರೆ ಊರು ಏನನ್ನುತ್ತೆ ಅಂತ ನಾನೇ ಎದ್ದು ನಿಂತು ಓದಿ ಹೇಳ್ದೆ. ಆಮೇಲೆ ನಿಮ್ಮಮ್ಮ ನಡೀಲೇ ಇಲ್ಲ. ನಾನು ಕೇಳ್ಲೂ ಇಲ್ಲ."

ಎರಡು ವರ್ಷದಲ್ಲಿ ಅವಳ ಕಾಲು ತೆಗೆದರು, ಮತ್ತೆ ನಾಲ್ಕು ತಿಂಗಳಿಗೆ ಅವಳು ಹೋದಳು. ಅದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ; ಆಗ ನಾನು ಪೇಟೆಯ ಶಾಲೆಯ ಹಾಸ್ಟೆಲಿನಲ್ಲಿದ್ದೆ. ಇನ್ನೂರ ಹದಿನೈದು ಜನರಲ್ಲಿ ಶಿಕ್ಷೆ ನಾಟಿದ್ದು ಒಬ್ಬಳಿಗೆ ಮಾತ್ರ. ನಾನು ಅತ್ತೆ. ಅಪ್ಪನಿಗೆ ಎರಡು ಬಾರಿಸಬೇಕು ಅನಿಸಿತು, ಅವನ ತೊಡೆಯ ಮೇಲೆ ತಲೆ ಇಡಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದೆ.

ಸೋಮವಾರ ಬೆಳಿಗ್ಗೆ ಡಾಕ್ಟರ್ ರೋರ್ಕ್‌ಗೆ ಇದ್ದದ್ದು ಇದ್ದ ಹಾಗೆ ಬರೆದೆ. ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ, ಇನ್ನೊಂದು ವರ್ಷ ಹಿಡಿಯುತ್ತದೆ, ಆದರೆ ಇದು ಸೊನ್ನೆಗಿಂತ ಒಳ್ಳೆಯ ಪ್ರಬಂಧ ಎಂದು ಉತ್ತರ ಬಂತು. ಶುಕ್ರವಾರದ ಫಾರಂ ಬಂದಿಲ್ಲ ಎಂದೂ ಕೆಳಗೆ ಬರೆದಿದ್ದರು.

ಅದೇ ಸಂಜೆ ನಾನು ಹೊರಟಾಗ ಅಪ್ಪನೂ ಎದ್ದ. ಮಂಡಿ ನೋವು, ಎಡಗಾಲು ಎಳೆಯುತ್ತಾನೆ. ತೊರೆಯ ಹತ್ತಿರ ಶಂಖ ಕೇಳಿಸಿತು. ಅಪ್ಪ ನಿಲ್ಲಲಿಲ್ಲ. ಎದುರಿಗೆ ಇಯೋಲು. ಒದ್ದೆ ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ದೊಡ್ಡಪ್ಪ, ಶಂಖ ಊದಿದೀನಿ."

"ಕೇಳಿಸ್ತು."

"ಕೂತ್ಕೋಬೇಕು ದೊಡ್ಡಪ್ಪ."

"ಅವಳಿಗೆ ಇನ್ನೂ ಹನ್ನೆರಡು ನಿಮಿಷ ಇದೆ. ನೀನು ದಾರಿ ಬಿಡು."

ಇಯೋಲು ಕೋಲನ್ನು ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ಮಾಡಿದ. ಕೊನೆಗೆ ಏನೂ ತೋಚದೆ ಅವನೇ ರಸ್ತೆಯ ಬದಿಗೆ ಕೂತುಬಿಟ್ಟ. ನಾವು ಮುಂದೆ ಹೋದೆವು. ಅಪ್ಪನ ಕಾಲಿಗೆ ಹೊಂದಿಸಿಕೊಂಡು ನಡೆದದ್ದರಿಂದ ಆ ದಿನ ಹೆಚ್ಚು ದೂರವೇನೂ ಆಗಲಿಲ್ಲ.

ಬುಧವಾರ ಸಭೆ. ಸಭಾಮನೆಗೂ ಗೋಡೆಯಿಲ್ಲ, ಹಿಂದಿನ ಅಡುಗೆ ಚಪ್ಪರದಲ್ಲಿ ಕೂತರೂ ಎಲ್ಲ ಕೇಳುತ್ತದೆ. ನಾನು ಅಲ್ಲಿ ಗಡ್ಡೆ ಸುಲಿಯುತ್ತಿದ್ದೆ. ಅಪ್ಪ ಎದ್ದು ನಿಂತು ತನ್ನ ಹೆಸರನ್ನು ತಾನೇ ಓದಿದ: ಸಾ ಹೊತ್ತಿನಲ್ಲಿ ನಡೆದದ್ದು, ಮೊದಲ ಸಲ. ಹಿರಿಯರು ಕೆಮ್ಮಿದರು, ಚಾಪೆ ನೋಡಿದರು. ಕಾರಣ ಕೇಳುವುದು ನಮ್ಮಲ್ಲಿ ಪದ್ಧತಿ, ಹಾಗಾಗಿ ಹಿರಿಯನೊಬ್ಬ ಕೇಳಿದ. ಎಲ್ಲರೂ ಬೆನ್ನನ್ನು ಕಂಬಕ್ಕೆ ಆನಿಸಿ ಒಂದು ತಾಸಿಗೆ ತಯಾರಾದರು.

"ಎಂಟು ವರ್ಷದ ಹಿಂದೆ ನಡೀಬೇಕಿತ್ತು. ತಡ ಆಯ್ತು," ಎಂದು ಹೇಳಿ ಅಪ್ಪ ಕೂತ.

ಕಂಬಕ್ಕೆ ಆನಿಸಿದ್ದ ಬೆನ್ನುಗಳು ಮತ್ತೆ ನೆಟ್ಟಗಾದವು. ಆಮೇಲೆ ಸಭೆ ಅವನಿಗೆ ಒಂದು ಹಂದಿ ದಂಡ ಹಾಕಿತು.