ಹೆಗಲಿಳಿಸುವ ಕಲ್ಲು

ಊರಿನಿಂದ ಮಸಣಕ್ಕೆ ಹೋಗುವ ದಾರಿಯ ಅರ್ಧಕ್ಕೆ ಒಂದು ಚಪ್ಪಟೆ ಕಲ್ಲಿತ್ತು. ಚಟ್ಟವನ್ನು ಅದರ ಮೇಲೆ ಇಳಿಸಿ, ಹೆಗಲು ಬದಲಿಸಿ, ಮತ್ತೆ ಎತ್ತುತ್ತಿದ್ದರು. ಬದುಕಿರುವವರು ಅದರ ಮೇಲೆ ಕೂರುತ್ತಿರಲಿಲ್ಲ. ಆಡುಗಳು ಮಾತ್ರ ಮಲಗುತ್ತಿದ್ದವು. ಎಲ್ಲ ಹೆಣಗಳೂ ಮೊದಲು ಊರ ನಡುವಿನ ಮಂಟಪಕ್ಕೆ ಬಂದು, ಅಲ್ಲಿಂದ ನಮ್ಮ ಬೀದಿಗುಂಟ ಹೊರಡುತ್ತಿದ್ದವು. ಆ ಕಲ್ಲನ್ನು ಮುಟ್ಟುವ ಮುಂಚೆ ಚಟ್ಟ ನಿಲ್ಲಬಾರದು. ನಿಂತರೆ, ಯಾರ ಬಾಗಿಲ ಮುಂದೆ ನಿಂತಿತೋ ಮುಂದಿನ ಹೆಣ ಆ ಮನೆಯಿಂದಲೇ ಏಳುತ್ತದೆ ಎಂದು ಊರು ನಂಬಿತ್ತು.

ನನ್ನ ಅಪ್ಪ ಚನ್ನಿಗಪ್ಪ ಮೂವತ್ತು ವರ್ಷ ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟವನು. ಅದು ಅವನ ಕಸುಬಲ್ಲ, ಅಭಿಮಾನ. ಉಳಿದ ಮೂವರು ಅವನ ಹೆಜ್ಜೆ ನೋಡಿ ಹೆಜ್ಜೆ ಹಾಕುತ್ತಿದ್ದರು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ತಿಂಗಳು ಚಟ್ಟ ಮೊದಲ ಸಲ ನಿಂತಿತು, ಕಲ್ಲಿಗೆ ಸ್ವಲ್ಪ ಈಚೆ, ಸಾಕಮ್ಮನ ಮನೆಯ ಮುಂದೆ. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಅವಳ ಗಂಡ ಒಂಬತ್ತನೇ ದಿನ ತೀರಿಕೊಂಡ. ಅವನನ್ನು ಹೊತ್ತು ಹೋಗುವಾಗ ಚಟ್ಟ ಇನ್ನೂ ಈಚೆ, ದರ್ಜಿಯ ಮನೆಯ ಮುಂದೆ ನಿಂತಿತು. ತಿಂಗಳೊಳಗೆ ದರ್ಜಿಯ ತಾಯಿ ಹೋದಳು. ಅವಳ ಚಟ್ಟ ನಿಂತದ್ದು ನಮಗಿಂತ ಮೂರು ಮನೆ ಆಚೆ. ಆ ಮನೆಯವರು ವಾರದೊಳಗೆ ಬೀಗ ಹಾಕಿ ಊರನ್ನೇ ಬಿಟ್ಟರು. ಸಾವು ಬೀದಿಗುಂಟ ನಮ್ಮ ಬಾಗಿಲ ಕಡೆ ನಡೆದು ಬರುತ್ತಿತ್ತು.

ಬಸುರಿ ಹೆಣ ನೋಡಬಾರದೆಂದು ಅವ್ವ ಕಿಟಕಿ ಹಾಕುತ್ತಿದ್ದಳು. ಕತ್ತಲಲ್ಲಿ ಕೂತು ನಾನು ಹೆಜ್ಜೆಗಳನ್ನು ಮಾತ್ರ ಕೇಳುತ್ತಿದ್ದೆ.

"ನಮ್ಮನೆ ಮುಂದೆ ನಿಂತ್ರೆ ಏನ್ ಮಾಡ್ತೀಯ? ಒಳಗೆ ಬಸುರಿ ಮಗಳವ್ಳೆ" ಎಂದು ಅವ್ವ ಒಂದು ದಿನ ಅಪ್ಪನನ್ನು ಕೇಳಿಯೇಬಿಟ್ಟಳು.

"ನಾನೇನ್ ನಿಲ್ಲಿಸ್ತೀನಾ? ಹೆಣ ಭಾರ ಆಯ್ತದೆ. ಅದೇ ನಿಂತ್ಕತದೆ."

ಅಪ್ಪ ಅದನ್ನು ನಂಬಿದ್ದ. ಊರೂ ನಂಬಿತ್ತು. ಪುಟ್ಟಮಾದಯ್ಯ ಎಂಬ ಅವನ ಗೆಳೆಯ ಮಾತ್ರ, "ಚನ್ನಿಗಣ್ಣ, ನಮ್ಮ ಬಾಗ್ಲು ಬಂದಾಗ ಒಸಿ ಓಡ್ಬುಡು, ಕಾಫಿ ಕುಡಿಸ್ತೀನಿ" ಎಂದು ನಗುತ್ತಿದ್ದ. ನಕ್ಕ ಮೇಲೆ ಅಪ್ಪನ ಮುಖವನ್ನು ನೋಡುತ್ತಿರಲಿಲ್ಲ.

ಎಂಟನೇ ತಿಂಗಳಲ್ಲಿ ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೊರಟವನು ಅಪ್ಪನೇ. ಬೀಗ ಹಾಕಿದ ಆ ಮನೆ ದಾಟಿ ಸ್ವಲ್ಪ ದೂರ ಹೋದದ್ದೇ ಅವನು ನಿಂತ. ಪಂಚೆ ಬಿಚ್ಚಿ ಮತ್ತೆ ಕಟ್ಟಿಕೊಂಡ. ಬಿಗಿಯಾಗಿಯೇ ಇದ್ದ ಪಂಚೆ. ಎರಡು ನಿಮಿಷವಾದ ಮೇಲೆ ಏನೂ ಆಗದವನಂತೆ ನಡೆದ. ಅಷ್ಟೇ ದೂರ ಹೋಗಿ, ಮತ್ತೆ ನಿಂತ. ಅವನ ಹೆಗಲ ಮೇಲೆ ಯಾವ ಹೆಣವೂ ಇರಲಿಲ್ಲ.

"ಎಲ್ಲಿ ನೋವು ಅಪ್ಪ?"

ಬಗ್ಗಿ ಬಲಗಾಲಿನ ಹಿಂಬದಿ ಒತ್ತಿಕೊಂಡು ಹೇಳಿದ: "ಮೀನಖಂಡ. ಒದ್ದೆ ಬಟ್ಟೆ ಹಿಂಡ್ದಂಗೆ ಹಿಂಡ್ತದೆ. ನಿಂತ್ರೆ ಬಿಡ್ತದೆ. ಸತ್ತೋರು ಹಿಡ್ಕತಾರೆ ಅಂದ್ಕೊಂಡಿದ್ದೆ ಕಣವ್ವ."

ನನ್ನ ಹೊಟ್ಟೆಯೊಳಗಿನ ಮಿಡಿತ ಡಾಕ್ಟರಿಗೆ ತಕ್ಷಣ ಸಿಕ್ಕಿತು. ಅಪ್ಪನ ಬಲಪಾದದ ಮೇಲೆ ಎರಡು ಬೆರಳಿಟ್ಟು ಅವರು ಬಹಳ ಹೊತ್ತು ಹುಡುಕಿದರು. ರಕ್ತನಾಳ ಒಳಗೇ ಕಟ್ಟಿಕೊಂಡು ಸಣ್ಣಗಾಗಿದೆ, ನಡೆಯುವ ಕಾಲು ಕೇಳುವಷ್ಟು ರಕ್ತ ಅದಕ್ಕೆ ಸಿಗುತ್ತಿಲ್ಲ ಎಂದರು. ಬೀಡಿ ಬಿಡಬೇಕು, ಮಾತ್ರೆ ತಪ್ಪಿಸಬಾರದು. ಬೆರಳಲ್ಲಿ ಗಾಯವಾದರೆ, ಬೆರಳು ಕಪ್ಪಾದರೆ, ಮಲಗಿದಾಗಲೂ ನೋವು ಬಂದರೆ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು. ದಿನಾ ನಡೆಯಬೇಕು, ನೋವು ಜೋರಾದಾಗ ನಿಂತು, ಬಿಟ್ಟ ಮೇಲೆ ಮತ್ತೆ ನಡೆಯಬೇಕು.

"ನಿಂತು ನಿಂತು ನಡೀರಿ. ಇಲ್ಲದಿದ್ರೆ ಕಾಲು ಉಳಿಯೋದು ಕಷ್ಟ."

ಅಪ್ಪ ಚಟ್ಟಕ್ಕೆ ಹೆಗಲು ಕೊಡುವುದನ್ನು ಬಿಟ್ಟ, ಬೀಡಿಯನ್ನೂ ಬಿಟ್ಟ. ನಡೆಯಲು ಮಾತ್ರ ಆಗಲಿಲ್ಲ. ಅವನು ಬೀದಿಗೆ ಇಳಿದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ನಿಂತ ಕಡೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ರಕ್ತನಾಳದ ಕಾಯಿಲೆ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ತಲೆಯಾಡಿಸಿದರು, ನಾನು ಮೆಟ್ಟಿಲಿಳಿದ ಮೇಲೆ ಹೊಸ್ತಿಲಿಗೆ ನೀರು ಚೆಲ್ಲಿದರು. ನಾಲ್ಕನೇ ದಿನದಿಂದ ಅಪ್ಪ ಹೊರಗೆ ಕಾಲಿಡಲಿಲ್ಲ. ಇನ್ನೊಬ್ಬರ ಮನೆ ಮುಂದೆ ಅಪಶಕುನವಾಗಿ ನಿಲ್ಲುವುದಕ್ಕಿಂತ ಕಾಲು ಹೋಗುವುದೇ ವಾಸಿ ಎಂದ.

ಹೆರಿಗೆಯಾಗಿ ಮೂರು ತಿಂಗಳಿಗೆ, ಮಗುವನ್ನು ಎದೆಗವಚಿಕೊಂಡು, ನಾನೇ ಅಪ್ಪನ ಕೈಹಿಡಿದು ಹೊರಡಿಸಿದೆ. ಅವನು ನಿಂತಲ್ಲೆಲ್ಲ ನಾನೂ ನಿಂತೆ. ದರ್ಜಿಯ ಮನೆಯ ಜಗುಲಿಯಲ್ಲಿ ಕೂತೆವು, ಸಾಕಮ್ಮನ ಮೆಟ್ಟಿಲ ಮೇಲೂ ಕೂತೆವು. ಒಳಗೆ ಉಸಿರು ಬಿಗಿಹಿಡಿದವರು ನಮಗೆ ಕೇಳಿಸುತ್ತಿದ್ದರು. ಹನ್ನೊಂದು ಸಲ ನಿಂತು ಆ ಕಲ್ಲಿನ ತನಕ ಹೋದೆವು.

ನಾನು ಬೇಡ ಎನ್ನುವಷ್ಟರಲ್ಲಿ ಅಪ್ಪ ಅದರ ಮೇಲೆ ಕೂತುಬಿಟ್ಟ. ಮಲಗಿದ್ದ ಆಡು ಎದ್ದು ಜಾಗ ಬಿಟ್ಟಿತು. "ಮೂವತ್ತು ವರ್ಸದಲ್ಲಿ ಇವತ್ತೇ ಕೂತಿದ್ದು" ಎಂದು ಬಲಗಾಲನ್ನು ಚಾಚಿ ಇಟ್ಟ. ಕಿರುಬೆರಳ ತುದಿಯಲ್ಲಿ ಎಳ್ಳಿನಷ್ಟು ಕಪ್ಪಿತ್ತು. ಕೆಸರಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಇಡೀ ದಿನದ ಬಿಸಿಲು ಕುಡಿದ ಕಲ್ಲು ಬೆಚ್ಚಗಿತ್ತು. ಅದರ ಮೇಲಿದ್ದ ಅಪ್ಪನ ಕಾಲು ತಣ್ಣಗಿತ್ತು.